ತಾಮ್ರದ ಹಂಡೆಯ ಕಿತ್ತಳೆ ಕ್ಯಾಂಡಿ

1984ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಪಾಸು ಮಾಡಿಯೇ ನಿಲ್ಲಿಸಿದ್ದು, ಫೇಲಾಗಿ ಅಲ್ಲ. ಈ ಮಾತನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಎಂಟನೇ ಕ್ಲಾಸಿಗೆ ದಿನಾ ಆಲೂರಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಪಕ್ಕದ ಎಸ್ಟೇಟಿನ ಸ್ಟೋರಿನಲ್ಲಿ ಕಾಫಿ ಮೂಟೆ ಹೊಲಿಯುವ ಕೆಲಸ ಸಿಕ್ಕಿತು. ದಬ್ಬಣ ಹಿಡಿದವನು ಮತ್ತೆ ಪೆನ್ನು ಹಿಡಿಯಲಿಲ್ಲ. ಆಮೇಲೆ ಗಾರೆ ಕೆಲಸ, ಮರಗೆಲಸ, ಪಂಪ್‌ಸೆಟ್ ಬಿಚ್ಚಿ ಜೋಡಿಸುವುದು, ಎಲ್ಲವನ್ನೂ ನೋಡಿಯೇ ಕಲಿತೆ. ಯಾರನ್ನೂ ಕೇಳಲಿಲ್ಲ. ಕೇಳಿ ಕಲಿತರೆ ಕಲಿಸಿದವನ ಎದುರು ಸದಾ ತಲೆ ತಗ್ಗಿಸಬೇಕು, ನೋಡಿ ಕಲಿತರೆ ಆ ಕಾಟ ಇಲ್ಲ ಎನ್ನುವ ಜಂಭ ನನಗಿತ್ತು. ಅದು ಮುರಿದದ್ದು 1999ರ ಬೇಸಿಗೆಯಲ್ಲಿ, ಶಿವರಾತ್ರಿಯ ದಿನ, ಮಟಮಟ ಬಿಸಿಲಿನಲ್ಲಿ.

ಮೊನ್ನೆ ಅದೆಲ್ಲ ಒಮ್ಮೆಗೇ ಎದ್ದು ಬಂತು. ಬಿಸಿಲೆ ಘಾಟಿಯ ದಾರಿಯಲ್ಲಿ ಹೊಸದಾಗಿ ಶುರುವಾಗಿರುವ ಒಂದು ಹೋಂಸ್ಟೇಗೆ ಹಣ್ಣಿನ ಐಸ್ ಕ್ಯಾಂಡಿ ಕೊಡಲು ಹೋಗಿದ್ದೆ. ಮನೆಯೊಡತಿ ಒಳ್ಳೆಯ ಹೆಂಗಸು. "ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳ್ಳಿ ಅಣ್ಣ" ಎಂದು ಶರಬತ್ತು ತಂದುಕೊಟ್ಟರು. ಲೋಟ ಬಾಯಿಯ ಹತ್ತಿರ ಬಂದಾಗ ನಿಂಬೆ, ಬೆಲ್ಲ, ಶುಂಠಿ ಸೇರಿದ ವಾಸನೆ ಮೂಗಿಗೆ ಹೊಡೆಯಿತು. ಆಗಲೇ ಲೋಟವನ್ನು ನೋಡಿದ್ದು. ತಾಮ್ರ. ಒಳಗೂ ತಾಮ್ರ, ಹೊರಗೂ ತಾಮ್ರ, ಫಳಫಳ ಹೊಳೆಯುತ್ತಿತ್ತು. ಕೈ ನನ್ನ ಮಾತು ಕೇಳಲಿಲ್ಲ. ಪಕ್ಕದಲ್ಲಿದ್ದ ದಾಸವಾಳದ ಬುಡಕ್ಕೆ ಅಷ್ಟನ್ನೂ ಸುರಿದುಬಿಟ್ಟೆ.

"ಅಯ್ಯೋ, ಯಾಕಣ್ಣ? ನೊಣ ಬಿದ್ದಿತ್ತಾ?"

"ಇದನ್ನ ಯಾವಾಗ ಮಾಡಿದ್ರಿ ಅಕ್ಕಾ?"

"ಬೆಳಿಗ್ಗೆನೇ ಮಾಡಿ ಜಗ್ಗಲ್ಲಿಟ್ಟಿದ್ದೆ. ಅದೂ ತಾಮ್ರದ್ದೇ, ಜೋಡಿ ಸೆಟ್ಟು. ಗೆಸ್ಟುಗಳಿಗೆ ಕೊಡೋಣ ಅಂತ."

"ಇನ್ನೂ ಯಾರಿಗೂ ಕೊಟ್ಟಿಲ್ಲ ತಾನೆ?"

"ಇಲ್ಲ. ನಿಮಗೇ ಮೊದಲು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ಆ ಹೆಂಗಸು ಗಾಬರಿಯಾಗಿ ಫ್ಯಾನಿನ ಕೆಳಗೆ ಬನ್ನಿ ಎಂದು ಕರೆದರು. ನನಗೆ ಬೇಕಾದದ್ದು ಫ್ಯಾನಲ್ಲ. ಹತ್ತು ವರ್ಷ ಹಿಂದಿನ ಒಂದು ಗುಡ್ಡದ ಮೇಲೆ ನಾನು ಮತ್ತೆ ನಿಂತಿದ್ದೆ.

ಅದಕ್ಕೂ ಮೊದಲು ನಾನು ಮಾರುತ್ತಿದ್ದದ್ದು ಪೇಟೆಯ ಫ್ಯಾಕ್ಟರಿಯ ಐಸ್ ಕ್ಯಾಂಡಿ. ಮೊಪೆಡ್ಡಿನ ಹಿಂದೆ ಡಬ್ಬ ಕಟ್ಟಿಕೊಂಡು, ರಬ್ಬರ್ ಹಾರನ್ ಒತ್ತುತ್ತಾ, ಆಲೂರಿನ ಸಂತೆಯಿಂದ ಹಿಡಿದು ತೋಟದ ಕೂಲಿಯವರ ಲೈನ್‌ಮನೆಗಳವರೆಗೆ ಸುತ್ತುತ್ತಿದ್ದೆ. ಕೆಂಪು, ಹಳದಿ, ಹಸಿರು ಕ್ಯಾಂಡಿ. ಸಂಜೆ ಮನೆಗೆ ಬರುವಾಗ ಒಂದು ಕೆಂಪು ಕ್ಯಾಂಡಿಯನ್ನು ಮಗಳು ಗೀತಾಳಿಗೆಂದು ಉಳಿಸಿರುತ್ತಿದ್ದೆ. ಅವಳಿಗಾಗ ಐದು ವರ್ಷ. ತಿಂದು ನಾಲಿಗೆ ಚಾಚುತ್ತಿದ್ದಳು. ಆ ಕೆಂಪು ನಾಲಿಗೆಯನ್ನು ನೋಡಿ ನಾನು, ನನ್ನ ಹೆಂಡತಿ ಸುಶೀಲ, ಅವ್ವ ಮೂವರೂ ನಗುತ್ತಿದ್ದೆವು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬೇಗ ಫ್ಯಾಕ್ಟರಿಗೆ ಹೋದೆ. ಮುಂದಿನ ಬಾಗಿಲು ತೆಗೆದಿರಲಿಲ್ಲ. ಹಿಂದಿನಿಂದ ಒಳಗೆ ಹೋದರೆ ಒಬ್ಬ ಆಳು ನೀರಿನ ತೊಟ್ಟಿಗೆ ಡಬ್ಬಿಯಿಂದ ಕೆಂಪು ಪುಡಿ ಸುರಿಯುತ್ತಿದ್ದ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ನನಗೆ ಓದಲು ಬರಲಿಲ್ಲ. ಚಿತ್ರ ನೋಡಲು ಓದು ಬೇಕಾಗಿರಲಿಲ್ಲ. ಹಗ್ಗದ ಮೇಲೆ ಹರವಿದ ಒಂದು ಸೀರೆ.

"ಇದು ಬಟ್ಟೆಗೆ ಹಾಕೋ ಬಣ್ಣ ಅಲ್ವೇನೋ?"

"ಹೂಂ ಕಣಣ್ಣ" ಎಂದ ಅವನು, ತುಂಬಾ ಸಮಾಧಾನದಿಂದ. "ಒಳ್ಳೇ ಬಣ್ಣ. ಸೀರೆ ಹತ್ತು ಸಲ ಒಗುದ್ರೂ ಬುಡಲ್ಲ."

ಅವನು ಕದ್ದು ಮಾಡುತ್ತಿರಲಿಲ್ಲ. ಮೆಚ್ಚಿ ಮಾಡುತ್ತಿದ್ದ. ಅದೇ ನನ್ನನ್ನು ಹೆಚ್ಚು ನಡುಗಿಸಿದ್ದು. ಆರು ವರ್ಷ ನಾನು ಅದನ್ನು ಊರೂರಿಗೆ ಹಂಚಿದ್ದೆ. ಕಣ್ಣ ಮುಂದೆ ಗೀತಾಳ ನಾಲಿಗೆ ಬಂದು ನಿಂತಿತು. ಖಾಲಿ ಡಬ್ಬವನ್ನೇ ಕಟ್ಟಿಕೊಂಡು ಮನೆಗೆ ಬಂದೆ. ಸುಶೀಲ ವಿಷಯ ಕೇಳಿ ಮಗಳನ್ನು ಹತ್ತಿರ ಎಳೆದುಕೊಂಡು ಬಾಯಿ ತೆಗೆಸಿ ನೋಡಿದಳು. ನಿನ್ನೆಯ ಕೆಂಪು ಇನ್ನೂ ಇತ್ತು.

"ಇನ್ನು ಆ ಕೆಲ್ಸಕ್ಕೆ ಹೋಗ್ಬ್ಯಾಡ್ರಿ" ಎಂದಳು.

"ಹೋಗಲ್ಲ. ನಾನೇ ಮಾಡ್ತೀನಿ. ಹಣ್ಣಿಂದು."

ಹೇಳಿದ್ದು ಹಟಕ್ಕೆ. ಮಾಡುವುದು ಹೇಗೆಂದು ಗೊತ್ತಿರಲಿಲ್ಲ. ಸಕಲೇಶಪುರದಲ್ಲಿ ಒಂದು ಹೋಟೆಲು ಮುಚ್ಚಿದಾಗ ಅವರ ಹಳೇ ಡೀಪ್ ಫ್ರೀಜರನ್ನು ಜೀಪಿನಲ್ಲಿ ಹೇರಿಕೊಂಡು ಬಂದೆ. ಅಚ್ಚಿಗೆ ಮೊದಲು ಮನೆಯ ಸ್ಟೀಲ್ ಲೋಟಗಳೇ ಆದವು. ಕಡ್ಡಿಗೆ ಹಿತ್ತಲ ಬಿದಿರನ್ನು ಸೀಳಿ, ಕೆತ್ತಿ, ಕುದಿಸಿ, ಒಣಗಿಸಿದೆ. ಹಣ್ಣಿಗೆ ಬರವಿರಲಿಲ್ಲ. ಕಾಫಿ ಗಿಡಗಳ ನಡುವೆ ಕಿತ್ತಳೆ ಉದುರಿ ಬೀಳುವ ಕಾಲ. ಬೇಲಿಗೆ ಹಬ್ಬಿದ ಪ್ಯಾಶನ್ ಫ್ರೂಟು, ಲೈನಿನ ಹಿಂದಿನ ಗಜನಿಂಬೆ, ಮನೆ ಹಿತ್ತಲ ಬಾಳೆ, ಎಲ್ಲ ಕೈಗೆಟಕುವಂತಿದ್ದವು.

ಮೊದಲ ಸಲ ಬೀಜ ಸಮೇತ ಹಿಂಡಿದೆ. ಬಾಯಿಗಿಡಲಾಗದಷ್ಟು ಕಹಿ. ಎರಡನೇ ಸಲ ಬೀಜ ತೆಗೆದೆ, ಆದರೆ ನೀರು ಹೆಚ್ಚಾಗಿ ಕಲ್ಲಿನಂತೆ ಗಟ್ಟಿಯಾಯಿತು. ಗೀತಾ ಕಚ್ಚಿ, "ಅಪ್ಪಾ, ಹಲ್ಲು!" ಎಂದು ಕೂಗಿಕೊಂಡಳು. ಮೂರನೇ ಸಲ ಸಿಹಿ ಸರಿಯಾಗಿದೆ ಎಂದು ನೋಡಿಯೇ ಇಟ್ಟಿದ್ದೆ. ಹೆಪ್ಪುಗಟ್ಟಿದ ಮೇಲೆ ಸಪ್ಪೆ. ತಣ್ಣಗಾದರೆ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ ಎನ್ನುವುದು ಆಗ ಗೊತ್ತಾಯಿತು. ಕೊನೆಗೆ ಸರಿಬಂದದ್ದು ಹೀಗೆ: ನೀರನ್ನು ಕುದಿಸಿ ಆರಿಸಬೇಕು. ಕಿತ್ತಳೆ ತೊಳೆಯ ಬೀಜ, ಬಿಳಿ ನಾರು ತೆಗೆದು ಕೈಯಲ್ಲೇ ಹಿಂಡಬೇಕು. ಬೆಲ್ಲವನ್ನು ಕರಗಿಸಿ ಸೋಸಿ ಹಾಕಬೇಕು, ಕುಡಿಯುವ ಪಾನಕಕ್ಕಿಂತ ತುಸು ಹೆಚ್ಚು. ನುಣ್ಣಗೆ ಕಿವುಚಿದ ಬಾಳೆಹಣ್ಣು ಸೇರಿಸಿದರೆ ಕ್ಯಾಂಡಿ ಮೃದುವಾಗುತ್ತದೆ, ಬೇಗ ಸೋರುವುದಿಲ್ಲ. ಕೊನೆಗೆ ಜಜ್ಜಿದ ಶುಂಠಿಯ ರಸ. ತುಸು ಗಟ್ಟಿಯಾದ ಮೇಲೆ ಕಡ್ಡಿ ನಿಲ್ಲಿಸಬೇಕು, ಇಲ್ಲದಿದ್ದರೆ ವಾಲುತ್ತದೆ. ಬಿಡಿಸುವಾಗ ಅಚ್ಚನ್ನು ಉಗುರುಬೆಚ್ಚಗಿನ ನೀರಿಗೆ ಒಮ್ಮೆ ತಾಗಿಸಿ ತೆಗೆದರೆ ಸಾಕು. ಮಾರುವ ಡಬ್ಬವನ್ನೂ ನಾನೇ ಮಾಡಿದೆ. ಒಂದು ಮರದ ಪೆಟ್ಟಿಗೆಯೊಳಗೆ ಇನ್ನೊಂದನ್ನು ಇಟ್ಟು ಸಂದಿಗೆಲ್ಲ ಭತ್ತದ ಹೊಟ್ಟು ತುಂಬಿದ್ದೆ. ಕರೆಂಟು ಹೋದರೆ ಫ್ರೀಜರಿಗೆ ಎರಡು ಕಂಬಳಿ ಹೊದಿಸುತ್ತಿದ್ದೆವು.

ಲೈನ್‌ನವರು ಮೊದಲ ದಿನ ಡಬ್ಬದೊಳಗೆ ಇಣುಕಿ ಮುಖ ಮುಖ ನೋಡಿಕೊಂಡರು.

"ಇದೇನೋ ಚಂದ್ರ, ಬಣ್ಣಾನೇ ಇಲ್ಲ! ಕೊಚ್ಚೆ ನೀರಿದ್ದಂಗೈತೆ."

"ಬೆಲ್ಲದ ಬಣ್ಣ ಕಣಣ್ಣ ಅದು. ತಿಂದು ನೋಡು."

"ನಾಲ್ಗೆ ಕೆಂಪಾಗದಿದ್ರೆ ಐಸ್ ಕ್ಯಾಂಡಿ ತಿಂದಿದ್ದು ಊರಿಗೆ ಹೆಂಗೆ ಗೊತ್ತಾಗ್ಬೇಕು ಮಾರಾಯ?"

ತಿಂದ ಮೇಲೆ ಯಾರೂ ಬಣ್ಣ ಕೇಳಲಿಲ್ಲ. ಹದಿನೈದು ದಿನದಲ್ಲಿ ನಾನು ಹಾರನ್ ಒತ್ತುವ ಮೊದಲೇ ಜನ ದಾರಿಗೆ ಬಂದು ನಿಲ್ಲತೊಡಗಿದರು. ನನ್ನ ನಡಿಗೆಯೇ ಬೇರೆಯಾಯಿತು. ಸೀರೆಯ ಚಿತ್ರದ ಕತೆಯನ್ನು ಎಲ್ಲರಿಗೂ ಹೇಳಿದೆ. "ನನ್ನ ಕ್ಯಾಂಡಿ ತಿಂದು ಒಬ್ಬನಿಗೆ ಕೆಮ್ಮು ಬಂದ್ರೂ ಮೀಸೆ ಬೋಳಿಸ್ತೀನಿ" ಎಂದು ಸಂತೆಯಲ್ಲಿ ನಿಂತು ಹೇಳಿದ್ದೆ. ಹೇಳಿದ್ದನ್ನು ಕೇಳಿದವರು ಬಹಳ ಜನ.

ನಮ್ಮೂರಿನ ಹಿಂದೆ ಒಂದು ಗುಡ್ಡ. ಅದರ ನೆತ್ತಿಯಲ್ಲಿ ಸಣ್ಣ ಈಶ್ವರನ ಗುಡಿ. ಶಿವರಾತ್ರಿಯ ದಿನ ಊರವರು ಉಪವಾಸದಲ್ಲೇ ಗುಡ್ಡ ಹತ್ತುತ್ತಾರೆ, ಮಧ್ಯಾಹ್ನ ಪೂಜೆಯಾದ ಮೇಲೆ ಹಣ್ಣು ತಿನ್ನುತ್ತಾರೆ. ಹಬ್ಬಕ್ಕೆ ನಾಲ್ಕು ದಿನವಿರುವಾಗ ಊರಿನ ಹಿರಿಯರಾದ ಈರೇಗೌಡರು ನನ್ನನ್ನು ಕರೆಸಿದರು.

"ನಿನ್ ಕ್ಯಾಂಡೀಲಿ ಹಣ್ಣು, ಬೆಲ್ಲ ಬಿಟ್ಟು ಬ್ಯಾರೆ ಏನೂ ಇಲ್ವಂತಲ್ಲ?"

"ಏನೂ ಇಲ್ಲ ಗೌಡ್ರೇ. ಉಪವಾಸದೋರೂ ತಿನ್ಬಹುದು."

"ಹಂಗಾದ್ರೆ ಈ ಸಲ ದೇವ್ರಿಗೆ ಅದುನ್ನೇ ಎಡೆ ಇಡಾನ. ಆ ಬಿಸ್ಲಲ್ಲಿ ಹತ್ತಿದೋರಿಗೂ ತಂಪಾಯ್ತದೆ. ಮಡೀಲಿ ಮಾಡ್ಬೇಕು ಮತ್ತೆ. ಪ್ಲಾಸ್ಟಿಕ್ ಬಕೆಟ್ಟು ಗಿಕೆಟ್ಟು ಪೂಜಾರಪ್ಪ ಒಪ್ಪಲ್ಲ."

ನನ್ನ ಕ್ಯಾಂಡಿ ದೇವರ ಎಡೆಗೆ! ಮನೆಗೆ ಹೇಗೆ ಬಂದೆನೋ ತಿಳಿಯದು. ದಿನವೂ ರಸ ಬೆರೆಸುತ್ತಿದ್ದದ್ದು ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಮಡಿಗೆ ಅದು ಆಗದು. ಅಷ್ಟು ರಸ ಹಿಡಿಸುವ ಇನ್ನೊಂದು ಪಾತ್ರೆ ಮನೆಯಲ್ಲಿ ಒಂದೇ ಇತ್ತು. ಅವ್ವನ ಮದುವೆಯಲ್ಲಿ ಬಂದಿದ್ದ ತಾಮ್ರದ ಹಂಡೆ. ಹಬ್ಬದ ದಿನ ಮಡಿನೀರು ತುಂಬಲು ಬಿಟ್ಟರೆ ಅವ್ವ ಅದನ್ನು ಅಟ್ಟದಿಂದ ಇಳಿಸುತ್ತಿರಲಿಲ್ಲ. ಅವ್ವ ಆಗ ಊರಲ್ಲಿರಲಿಲ್ಲ. ನನ್ನ ತಂಗಿಯ ಬಾಣಂತನಕ್ಕೆ ವನಗೂರಿಗೆ ಹೋಗಿ ತಿಂಗಳಾಗಿತ್ತು. ಶಿವರಾತ್ರಿಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದರು.

ನಾನೂ ಸುಶೀಲಳೂ ಹಂಡೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದೆವು. ಕಪ್ಪಾಗಿದ್ದ ಹಂಡೆ ತಿಕ್ಕುತ್ತಿದ್ದಂತೆ ಕೆಂಡದ ಹಾಗೆ ಹೊಳೆಯಿತು. ಅಂಗಳದಲ್ಲಿ ಹಸಿರು ಹಸಿರಾದ ನೀರು ಹರಿದು ಹೋಯಿತು. ಅದನ್ನು ಇಬ್ಬರೂ ನೋಡಿದೆವು.

"ಅತ್ತೇನ ಒಂದ್ ಮಾತು ಕೇಳಾನೇನ್ರಿ?" ಎಂದಳು ಸುಶೀಲ. "ಎಸ್ಟೇಟ್ ಆಫೀಸಿಂದ ಫೋನ್ ಮಾಡುದ್ರೆ ಆಯ್ತದೆ."

"ಏನಂತ ಕೇಳೋದು?"

"ನಮ್ಮವ್ವ ತಾಮ್ರದಲ್ಲಿ ಮಜ್ಜಿಗೆ ಮಡಗ್ತಿರ್ಲಿಲ್ಲ. ಯಾಕೆ ಅಂತ ನಂಗೊತ್ತಿಲ್ಲ. ಅದ್ಕೇ."

"ಮಜ್ಜಿಗೆ ಬ್ಯಾರೆ, ಹಣ್ಣು ಬ್ಯಾರೆ. ತಾಮ್ರದ ನೀರು ಕುಡುದ್ರೆ ಆಯಸ್ಸು ಹೆಚ್ತದೆ ಅಂತ ಲೋಕ್ವೇ ಹೇಳ್ತೈತೆ. ನೀನೊಬ್ಳು."

ಆ "ನೀನೊಬ್ಳು" ಎನ್ನುವ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಕಿತ್ತಳೆ ಹಿಂಡಿದೆ. ದೇವರಿಗೆ ಎಂದು ಈ ಸಲ ಗಜನಿಂಬೆ, ಪ್ಯಾಶನ್ ಫ್ರೂಟು ಎರಡನ್ನೂ ಧಾರಾಳವಾಗಿ ಸೇರಿಸಿದೆ. ಹಂಡೆ ತುಂಬಿತು. ಅಷ್ಟರಲ್ಲಿ ಕರೆಂಟು ಹೋಯಿತು. ಬಂದದ್ದು ಸಂಜೆಗೆ. ಅಲ್ಲಿಯವರೆಗೂ ರಸ ಹಂಡೆಯಲ್ಲೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಅಚ್ಚುಗಳಿಗೆ ತುಂಬಿದೆ. ಉಳಿದದ್ದನ್ನು ಹಂಡೆಯಲ್ಲೇ ಬಿಟ್ಟೆ, ನಾಳೆ ಪಾನಕಕ್ಕಾಯಿತು ಎಂದು. ಒಂದು ಹನಿಯನ್ನೂ ನಾಲಿಗೆಗೆ ತಾಗಿಸಿ ನೋಡಲಿಲ್ಲ. ದೇವರಿಗೆ ಇಡುವುದನ್ನು ಮೊದಲು ರುಚಿ ನೋಡಿದರೆ ಎಂಜಲು. ದಿನಾ ಮೂರು ಸಲ ರುಚಿ ನೋಡುತ್ತಿದ್ದವನು ಅವತ್ತು ಒಂದು ಸಲವೂ ನೋಡಲಿಲ್ಲ. ಬೆಲ್ಲದ ಕಂದು ಬಣ್ಣದಲ್ಲಿ ಬೇರೆ ಬಣ್ಣ ಕಾಣುವಂತೆಯೂ ಇರಲಿಲ್ಲ.

ಗುಡ್ಡದ ಮೇಲೆ ಸುಮಾರು ಅರವತ್ತು ಜನ. ಎಲ್ಲರೂ ಖಾಲಿ ಹೊಟ್ಟೆ. ಪೂಜೆ ಮುಗಿದಾಗ ಬಿಸಿಲಿಗೆ ಬಂಡೆ ಕಾದಿತ್ತು. ನಾನೂ ಸುಶೀಲಳೂ ಹಂಚಿದೆವು. ಮೊದಲಿಗೆ ಸಿದ್ದಜ್ಜಿಗೆ. ಊರಿಗೆಲ್ಲ ಹಿರಿಯಳು, ಹಿಂದಿನ ಸಂಜೆಯಿಂದ ನೀರೂ ಮುಟ್ಟಿರಲಿಲ್ಲ. ಬೊಚ್ಚು ಬಾಯಲ್ಲಿ ಚೀಪಿ, "ಇನ್ನೊಂದ್ ಕೊಡ್ಲಾ ಚಂದ್ರ, ಆ ಲೋಟ್ದಾಗಿಂದೂ ಕೊಡು" ಎಂದು ಎರಡು ಲೋಟ ಪಾನಕವನ್ನೂ ಕುಡಿದಳು. ನಮ್ಮಿಬ್ಬರಿಗೂ ಹಂಚುವ ಗಡಿಬಿಡಿ. ಗೀತಾ ನಿದ್ದೆಗೆ ಜಾರಿದ್ದಳು. ನಮ್ಮ ಮನೆಯವರು ಯಾರೂ ತಿಂದಿರಲಿಲ್ಲ.

ಅರ್ಧ ಗಂಟೆಯೂ ಆಗಿರಲಿಲ್ಲ. ಒಬ್ಬ ಎದ್ದು ಬಂಡೆಯ ಆಚೆ ಹೋಗಿ ವಾಂತಿ ಮಾಡಿದ. ಬಿಸಿಲಿಗೆ ಎಂದುಕೊಂಡೆವು. ಅವನ ಹಿಂದೆ ಇಬ್ಬರು ಹೆಂಗಸರು. ಆಮೇಲೆ ಎಣಿಸಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕೂತವರು, ಗುಡಿಯ ಕಂಬಕ್ಕೆ ಒರಗಿದವರು, "ಬಾಯೆಲ್ಲಾ ಕಬ್ಬುಣ ನೆಕ್ಕಿದಂಗೈತೆ" ಎಂದು ಉಗುಳುತ್ತಿದ್ದವರು. ಸಿದ್ದಜ್ಜಿ ವಾಂತಿ ಮಾಡಿ ಮಾಡಿ ಮಗ್ಗುಲಾಗಿ ಬಿದ್ದವಳು ಕಣ್ಣು ಬಿಡಲಿಲ್ಲ. ಹಂಚುವ ತಟ್ಟೆಯನ್ನು ಹಿಡಿದುಕೊಂಡು ನಾನು ಮರದ ಹಾಗೆ ನಿಂತಿದ್ದೆ. ಬಣ್ಣ ಹಾಕಿಲ್ಲ, ನೀರು ಕುದಿಸಿದ್ದೇನೆ, ಹಣ್ಣು ನಾನೇ ಆರಿಸಿದ್ದೇನೆ. ಮನಸ್ಸು ಇಷ್ಟನ್ನೇ ಮತ್ತೆ ಮತ್ತೆ ಹೇಳುತ್ತಿತ್ತು.

ಆಗ ಅವ್ವ ಗುಡ್ಡ ಹತ್ತಿ ಬಂದರು. ವನಗೂರಿನಿಂದ ಬರುವ ಜೀಪು ತಡವಾಗಿತ್ತು. ಸುತ್ತ ನೋಡಿದರು, ಯಾರನ್ನೂ ಏನೂ ಕೇಳಲಿಲ್ಲ. ನನ್ನ ತಟ್ಟೆಯಲ್ಲಿ ಕರಗುತ್ತಿದ್ದ ಒಂದು ಕ್ಯಾಂಡಿ ತೆಗೆದು ನಾಲಿಗೆಯ ತುದಿಗೆ ತಾಗಿಸಿದರು. ಥೂ ಎಂದು ಉಗಿದರು.

"ಯಾವುದ್ರಲ್ಲಿ ಮಡಗಿದ್ದೆ ಇದ್ನ?"

"ನಿನ್ ಹಂಡೇಲಿ ಕಣವ್ವ. ಮಡಿಗೆ ಅಂತ."

"ಎಷ್ಟೊತ್ತು?"

"ನೆನ್ನೆ ಬೆಳಿಗ್ಗೆಯಿಂದ."

ಅವ್ವನ ಮುಖದಲ್ಲಿ ರಕ್ತವೇ ಇಲ್ಲವಾಯಿತು. ದನಿ ತಗ್ಗಿಸಿ ನನಗೊಬ್ಬನಿಗೇ ಕೇಳುವಂತೆ ಹೇಳಿದರು. "ಹುಣ್ಸೇಹಣ್ಣಾಕಿ ತಿಕ್ಕುದ್ರೆ ತಾಮ್ರ ಯಾಕ್ಲಾ ಹೊಳೀತದೆ? ಹುಳಿ ತಾಮ್ರಾನ ತಿಂತದೆ, ಅದುಕ್ಕೆ. ತಿಕ್ಕುವಾಗ ಹಸ್ರು ನೀರು ಹರೀಲಿಲ್ವಾ? ಅದು ಎಲ್ಲಿಂದ ಬಂತು ಅಂದ್ಕಂಡೆ? ಕಿಲುಬು ಕಣೋ ಅದು. ಊರಿಗೆಲ್ಲಾ ಕಿಲುಬು ತಿನ್ಸಿದ್ದೀಯ."

ಆ ಹಸಿರು ನೀರನ್ನು ನಾನು ನೋಡಿದ್ದೆ. ನೋಡಿ ಕಲಿಯುವವನು ಎಂದು ಮೆರೆಯುತ್ತಿದ್ದವನು ಕಣ್ಣೆದುರೇ ಹರಿದದ್ದನ್ನು ನೋಡಿಯೂ ನೋಡಿರಲಿಲ್ಲ.

ಅದೇ ಹೊತ್ತಿಗೆ ಪೂಜಾರಪ್ಪ ಗುಡಿಯ ಮೆಟ್ಟಿಲಿಂದ ಗಟ್ಟಿಯಾಗಿ ಹೇಳಿದರು. "ಎಡೆ ಮೈಲಿಗೆ ಆಗೈತೆ. ಈಶ್ವರ ಒಪ್ಪಿಲ್ಲ. ಮಾಡಿದ ಹೆಂಗ್ಸು ಮಡಿ ಕೆಡ್ಸವ್ಳೆ. ತಪ್ಪು ಕಾಣಿಕೆ ಕಟ್ಟಿ, ಆಮ್ಯಾಕೆ ಗುಡ್ಡ ಇಳೀರಿ."

ಅಷ್ಟೂ ಜನರ ಕಣ್ಣು ಸುಶೀಲಳ ಮೇಲೆ ಹೋಯಿತು. ಒಬ್ಬಾಕೆ ಅವಳ ಕೈಯಲ್ಲಿದ್ದ ತಟ್ಟೆಯನ್ನು ಕಿತ್ತು ಬಿಸಾಕಿದಳು. "ಹೊರಗಿದ್ಯೇನೇ? ಹೊರಗಿದ್ದು ದೇವ್ರಿಗೆ ಮಾಡಿದ್ಯೇನೇ?" ಸುಶೀಲ ನನ್ನ ಕಡೆ ನೋಡಿದಳು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಆಗಲೇ ಬಾಯಿ ಬಿಡಲಿಲ್ಲ. ಕಾರಣ ನನಗೆ ಗೊತ್ತಾಗಿತ್ತು, ಅವ್ವನಿಗೆ ಗೊತ್ತಿತ್ತು, ಇನ್ನಾರಿಗೂ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಇದು ದೇವರ ಕೋಪವಾಗುತ್ತಿತ್ತು. ನನ್ನ ಕ್ಯಾಂಡಿಯ ಹೆಸರು ಉಳಿಯುತ್ತಿತ್ತು, ನನ್ನ ಮೀಸೆಯೂ ಉಳಿಯುತ್ತಿತ್ತು. ಇದನ್ನೆಲ್ಲ ನಾನು ನಿಂತಲ್ಲೇ ಲೆಕ್ಕ ಹಾಕಿದೆ. ನೂರು ಎಣಿಸುವಷ್ಟು ಹೊತ್ತು ನನ್ನ ಹೆಂಡತಿಯನ್ನು ಆ ಬಿಸಿಲಿನಲ್ಲಿ ಒಂಟಿಯಾಗಿ ನಿಲ್ಲಿಸಿದ್ದೆ. ಅವತ್ತಿನ ಎಲ್ಲ ಆಘಾತಗಳಲ್ಲಿ ದೊಡ್ಡದು ಅದು. ನಾನು ಇಂಥವನು ಎಂದು ನನಗೇ ಗೊತ್ತಿರಲಿಲ್ಲ.

ಅವ್ವ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಸಿದ್ದಕ್ಕ ಕಣ್ ಬುಡ್ತಿಲ್ಲ. ಏನ್ ತಿಂದ್ಲು ಅಂತ ಡಾಕ್ಟ್ರಿಗೆ ಗೊತ್ತಾಗ್ಬೇಡ್ವೇನ್ಲಾ? ನಾನ್ ಹೇಳಲ್ಲ. ನೀನೇ ಹೇಳು. ಬಾಯ್ ಬುಡು."

"ತಪ್ಪು ನಂದು!" ಎಂದೆ. ದನಿ ಸೀಳಿ ಬಂತು. "ಅವ್ಳು ಮಡೀಲೇ ಇದ್ಲು. ನಾನು ಹುಳಿ ರಸಾನ ತಾಮ್ರದಲ್ಲಿ ಇಟ್ಬುಟ್ಟೆ. ಕಿಲುಬು ಇಳಿದೈತೆ. ಅವ್ಳು ಅವ್ವನ್ನ ಕೇಳಾನ ಅಂದ್ಲು, ನಾನೇ ಬ್ಯಾಡ ಅಂದೆ. ನಂಗೆ ಗೊತ್ತಿರ್ಲಿಲ್ಲ."

"ನಂಗೆ ಗೊತ್ತಿರ್ಲಿಲ್ಲ" ಎನ್ನುವ ಮಾತನ್ನು ಹದಿನೈದು ವರ್ಷದಲ್ಲಿ ನಾನು ಯಾರೆದುರೂ ಹೇಳಿರಲಿಲ್ಲ.

ಯಾರೋ ಹೊಡೆಯಲು ಎದ್ದರು. ಈರೇಗೌಡರು, ತಾವೂ ಹೊಟ್ಟೆ ಹಿಡಿದುಕೊಂಡೇ ಇದ್ದವರು, ಕೈ ಅಡ್ಡ ಮಾಡಿದರು. "ಹೊಡ್ಯಾದು ಆಮ್ಯಾಕೆ. ಮೊದ್ಲು ಅಜ್ಜೀನ ಎತ್ಕಳ್ರಿ." ಸಿದ್ದಜ್ಜಿಯನ್ನು ಬೆನ್ನ ಮೇಲೆ ಹೊತ್ತು ನಾನೇ ಗುಡ್ಡ ಇಳಿದೆ. ಒಣ ಸೌದೆಯಷ್ಟು ಹಗುರ. ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿದೆಯೋ ಇಲ್ಲವೋ ಎಂದು ಹೆಜ್ಜೆ ಹೆಜ್ಜೆಗೂ ನಿಂತು ಗಮನಿಸುತ್ತಿದ್ದೆ. ಕೆಳಗೆ ಅವ್ವ ಬಂದಿದ್ದ ಜೀಪು ಇನ್ನೂ ನಿಂತಿತ್ತು. ಅಜ್ಜಿಯನ್ನೂ ತೀರಾ ಸುಸ್ತಾಗಿದ್ದ ಇನ್ನು ಮೂವರನ್ನೂ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದೆವು.

ಡಾಕ್ಟರು ನಾಡಿ ಹಿಡಿದುಕೊಂಡೇ ಕೇಳಿದರು, "ಏನು ತಿಂದಿದ್ದು?" ನಾನು ಹೇಳಿದೆ. ಅವರು ತಲೆಯೆತ್ತಿ ನೋಡಿದರು. "ಹೇಳಿದ್ದು ಒಳ್ಳೇದಾಯ್ತು. ಎಷ್ಟೋ ಜನ ಹೇಳಲ್ಲ. ನಾವು ಕತ್ತಲಲ್ಲಿ ತಡಕಾಡಬೇಕಾಗುತ್ತೆ." ನಾಲ್ವರಿಗೂ ಡ್ರಿಪ್ ಹಾಕಿದರು. ಊರಿನಲ್ಲಿ ಉಳಿದವರಿಗೆ ಏನು ಕೊಡಬೇಕು, ಏನು ಕಂಡರೆ ಕೂಡಲೇ ಕರೆತರಬೇಕು ಎಂದು ಜೀಪಿನವನ ಕೈಯಲ್ಲಿ ಹೇಳಿ ಕಳಿಸಿದರು. ಸುಶೀಲ ಅಜ್ಜಿಯ ಕಾಲ ಬಳಿ ಕೂತು ಪಾದ ತಿಕ್ಕುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

ಬೆಳಿಗ್ಗೆ ಸಿದ್ದಜ್ಜಿ ಕಣ್ಣು ಬಿಟ್ಟಳು. ಒಂದು ಗುಟುಕು ನೀರು ಕುಡಿದು ನನ್ನನ್ನು ಗುರುತಿಸಿದಳು.

"ಚಂದ್ರ, ಕ್ಯಾಂಡಿ ರುಚಿಯಾಗೇ ಇತ್ತು ಕಣ್ಲಾ" ಎಂದಳು. "ಒಳಗೆ ನಿಂತಿದ್ರೆ ಇನ್ನೂ ಚೆನ್ನಾಗಿರಾದು."

ನನಗೆ ನಗು ಬರಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತೆ. ಬೆನ್ನ ಹಿಂದೆ ಸುಶೀಲ ನಕ್ಕದ್ದು ಕೇಳಿಸಿತು. ನಿನ್ನೆಯಿಂದ ಅವಳ ಬಾಯಿಂದ ಬಂದ ಮೊದಲ ಸದ್ದು ಅದು.

ಮಧ್ಯಾಹ್ನದ ಹೊತ್ತಿಗೆ ಊರಿಗೆ ಬಂದೆ. ಎಲ್ಲರೂ ಚೇತರಿಸಿಕೊಂಡಿದ್ದರು. ಹೊಡೆತಕ್ಕೆ ತಯಾರಾಗಿಯೇ ಈರೇಗೌಡರ ಜಗಲಿಗೆ ಹೋದೆ, ಮೀಸೆ ಬೋಳಿಸಿಕೊಂಡು. ಅಲ್ಲಿ ಕೂತಿದ್ದವರು ನನ್ನ ಬೋಳು ತುಟಿಯನ್ನು ನೋಡಿದರು. ಯಾರೂ ನಗಲಿಲ್ಲ.

"ನನ್ ಫ್ರೀಜರ್ ಮಾರ್ಬುಡ್ತೀನಿ ಗೌಡ್ರೇ. ಇನ್ ಮಾಡಲ್ಲ."

"ಮಾರೀಯಂತೆ" ಎಂದರು ಅವರು. "ಅದುಕ್ ಮೊದ್ಲು ಒಂದ್ ಕೆಲ್ಸ ಮಾಡು. ನಾಳಿದ್ದು ಸ್ಟೀಲ್ ಪಾತ್ರೇಲಿ ಮಾಡ್ಕಂಡು ಬಾ. ನಮ್ ಮುಂದೆ ಮೊದ್ಲು ನೀನ್ ತಿನ್ನು. ಒಂದ್ ಗಂಟೆ ನೋಡ್ತೀವಿ. ನಿಂಗೇನೂ ಆಗ್ದಿದ್ರೆ ನಾವೂ ತಿಂತೀವಿ. ತಪ್ಪು ಒಪ್ಕಂಡೋನ ಕೈಯಾಗಿಂದು ತಿನ್ಬಹುದು. ಮುಚ್ಚಿಟ್ಟಿದ್ರೆ ನೀರೂ ಕುಡೀತಿರ್ಲಿಲ್ಲ." ಆಮೇಲೆ ಪೂಜಾರಪ್ಪನ ಕಡೆ ತಿರುಗಿ, "ನೀವು ಆ ಹೆಣ್ಮಗಳ ಮನೆಗೋಗಿ ಒಂದ್ ಮಾತಾಡಿ ಬನ್ನಿ" ಎಂದರು. ಪೂಜಾರಪ್ಪ ಹೋದರು. ಏನು ಹೇಳಿದರೋ ಸುಶೀಲ ನನಗೆ ಇವತ್ತಿಗೂ ಹೇಳಿಲ್ಲ.

ಅವರು ಹೇಳಿದ ದಿನ ನಾನು ಮಾಡಿಕೊಂಡು ಹೋದೆ. ಅವ್ವ ಪಕ್ಕದಲ್ಲೇ ಕೂತು ಒಂದೊಂದನ್ನೂ ಹೇಳಿಕೊಟ್ಟರು. ನಾನು ಒಂದೊಂದನ್ನೂ ಕೇಳಿದೆ. ಈ ಹಣ್ಣು ಯಾವುದರಲ್ಲಿ ಇಡಬೇಕು, ಎಷ್ಟು ಹೊತ್ತು ಇಡಬಹುದು, ಹಿತ್ತಾಳೆಗೆ ಕಲಾಯಿ ಯಾಕೆ ಹಾಕಿಸುತ್ತಾರೆ. ಅವ್ವ ಶಾಲೆಯ ಬಾಗಿಲು ಕಂಡವರಲ್ಲ. ಜಗಲಿಯಲ್ಲಿ ಇಪ್ಪತ್ತು ಜನರ ಎದುರು ಒಂಟಿಯಾಗಿ ಕೂತು ಕ್ಯಾಂಡಿ ತಿಂದೆ. ಆ ಒಂದು ಗಂಟೆಯಷ್ಟು ಉದ್ದದ ಗಂಟೆಯನ್ನು ನಾನು ಮತ್ತೆ ಕಂಡಿಲ್ಲ. ಗಂಟೆ ಮುಗಿಯುವ ಮೊದಲೇ ಡಬ್ಬಕ್ಕೆ ಕೈ ಹಾಕಿದವಳು ಅವತ್ತೇ ಆಸ್ಪತ್ರೆಯಿಂದ ಬಂದಿದ್ದ ಸಿದ್ದಜ್ಜಿ.

ಆಮೇಲಿನ ಬೇಸಿಗೆ ಮಾಮೂಲಿನಂತೆ ಹೋಯಿತು. ಮಳೆ ಹಿಡಿಯುವವರೆಗೂ ಅದೇ ಕಿತ್ತಳೆ, ಆಮೇಲೆ ಅನಾನಸು, ಹಲಸು. ಮೀಸೆ ಮಾತ್ರ ಮತ್ತೆ ಬಿಡಲಿಲ್ಲ. ಎರಡು ವರ್ಷದ ಹಿಂದೆ ಗೀತಾ ಅಡುಗೆಮನೆಯ ಬಾಗಿಲಲ್ಲಿ ಕೂತು ವಿಜ್ಞಾನದ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದಳು. ಹುಳಿ ಪದಾರ್ಥಗಳನ್ನು ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಇಡಬಾರದು ಎಂದು ಓದಿದಳು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

"ಯಾವ ಕ್ಲಾಸಿನ ಪುಸ್ತಕ ಮಗಳೇ ಅದು?"

"ಎಂಟನೇ ಕ್ಲಾಸಿಂದಪ್ಪ."

ಮೊನ್ನೆ ಹೋಂಸ್ಟೇಯ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಆ ಹೆಂಗಸಿಗೆ ಹೇಳಿದೆ. ಸುಶೀಲಳನ್ನು ಒಂಟಿಯಾಗಿ ನಿಲ್ಲಿಸಿದ್ದನ್ನೂ ಬಿಡದೆ ಹೇಳಿದೆ. ಅವರು ಜಗ್ಗನ್ನು ತಂದು ನನ್ನೆದುರೇ ದಾಸವಾಳದ ಬುಡಕ್ಕೆ ಬಗ್ಗಿಸಿದರು. ಅಲ್ಲಿ ಕ್ಯಾಂಡಿ ಕೊಡುವ ಮೊದಲು, ಎಲ್ಲ ಕಡೆ ಮಾಡುವಂತೆ, ಅವರ ಕಣ್ಣೆದುರು ಮೊದಲನೆಯದನ್ನು ನಾನೇ ತಿಂದೆ.

ಈಗ ನನ್ನ ಬಳಿ ಇರುವುದು ಇಷ್ಟು. ಎರಡು ಡೀಪ್ ಫ್ರೀಜರು. ಒಂದು ಗೂಡ್ಸ್ ಆಟೊ. ನಾಲ್ಕು ಸ್ಟೀಲ್ ಡ್ರಮ್ಮು. ಇನ್ನೂರ ನಲವತ್ತು ಅಚ್ಚು. ಹಿತ್ತಲಲ್ಲಿ ಹನ್ನೊಂದು ಕಿತ್ತಳೆ ಗಿಡ, ಎರಡು ಗಜನಿಂಬೆ. ಈ ವರ್ಷ ಹತ್ತನೇ ಕ್ಲಾಸಿನಲ್ಲಿರುವ ಒಬ್ಬಳು ಮಗಳು. ಕೇಳದೆ ಏನೂ ಮಾಡಬೇಡಿ ಎನ್ನುವ ಒಬ್ಬಳು ಹೆಂಡತಿ. ಅವ್ವ ಇಲ್ಲ, ಹೋಗಿ ಮೂರು ವರ್ಷವಾಯಿತು. ಅವರ ತಾಮ್ರದ ಹಂಡೆ ಒಂದು ಇದೆ, ನೀರಿಗೆ ಮಾತ್ರ.